ರೈತ ಸಭೆಗಳಲ್ಲಿ ಆಸನ ವ್ಯವಸ್ಥೆ: ಯಾವ ಕೆಲಸಕ್ಕೆ ಯಾವ ಕ್ರಮ?

ಕ್ಷೇತ್ರೋತ್ಸವವಿರಲಿ, ಬೀಜೋಪಚಾರದ ಪ್ರಾತ್ಯಕ್ಷಿಕೆಯಿರಲಿ, ಕಾಲುವೆ ನೀರಿನ ಸರದಿ ಗೊತ್ತುಮಾಡುವ ಸಭೆಯಿರಲಿ, ಅದರ ಸಿದ್ಧತೆಯಲ್ಲಿ ಅತಿಥಿಗಳ ಹೆಸರು, ಕರಪತ್ರ, ಧ್ವನಿವರ್ಧಕ, ಚಹಾ-ಉಪಾಹಾರ ಇವೆಲ್ಲಕ್ಕೂ ಗಮನ ಕೊಡಲಾಗುತ್ತದೆ. ಬಂದ ರೈತರು ಎಲ್ಲಿ, ಹೇಗೆ ಕುಳಿತುಕೊಳ್ಳಬೇಕೆಂಬುದನ್ನು ಮಾತ್ರ ಶಾಮಿಯಾನ ಹಾಕುವವನಿಗೆ ಬಿಡುವುದು ವಾಡಿಕೆ. ಅವನು ಮದುವೆಗೆ ಹಾಕಿದಂತೆಯೇ ಇಲ್ಲಿಯೂ ಹಾಕುತ್ತಾನೆ. ಒಂದು ತುದಿಗೆ ವೇದಿಕೆ, ವೇದಿಕೆಯ ಮುಂದೆ ಹತ್ತು ಹನ್ನೆರಡು ಅಡಿ ಬಯಲು, ಆಮೇಲೆ ಗಣ್ಯರ ಸೋಫಾ, ಅದರ ಹಿಂದೆ ಸಾಲು ಸಾಲು ಪ್ಲಾಸ್ಟಿಕ್ ಕುರ್ಚಿ. ಹೊತ್ತಿಗೆ ಮುಂಚೆ ಬಂದ ಊರಿನ ಹಿರಿಯರು ಮುಂದಿನ ಸಾಲು ಹಿಡಿಯುತ್ತಾರೆ. ಮನೆಗೆಲಸ ಮುಗಿಸಿ ತಡವಾಗಿ ಬಂದ ಹೆಣ್ಣುಮಕ್ಕಳಿಗೂ, ದೂರದ ಊರಿನಿಂದ ಟಂಟಂ ಹಿಡಿದು ಬಂದ ಸಣ್ಣ ರೈತರಿಗೂ ಸಿಗುವುದು ಕೊನೆಯ ಸಾಲು, ಇಲ್ಲವೇ ಶಾಮಿಯಾನದ ಹೊರಗಿನ ಬಿಸಿಲು. ಸಭೆಯಲ್ಲಿ ತೋರಿಸಿದ ಕೀಡೆ ಅವರ ಕಣ್ಣಿಗೆ ಬೀಳುವುದಿಲ್ಲ, ಅವರ ಪ್ರಶ್ನೆ ವೇದಿಕೆಗೆ ಕೇಳುವುದಿಲ್ಲ. ಯಾದಗಿರಿ, ಶಹಾಪುರ, ಸುರಪುರ ಭಾಗದಲ್ಲಿ ಹತ್ತಿ, ತೊಗರಿ, ಮೆಣಸಿನಕಾಯಿ ಹೊಲದ ಕೆಲಸದ ಹೆಚ್ಚಿನ ಪಾಲು ನಡೆಯುವುದು ಇಂಥವರ ಕೈಯಲ್ಲಿಯೇ ಎಂಬುದನ್ನು ನೆನೆದರೆ ಈ ನಷ್ಟ ಎಷ್ಟೆಂದು ತಿಳಿಯುತ್ತದೆ.

ಆಸನ ವ್ಯವಸ್ಥೆಯನ್ನು ಗೊತ್ತುಪಡಿಸುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ಈ ಸಭೆಯಲ್ಲಿ ರೈತರು ಮಾಡಬೇಕಾದ ಕೆಲಸ ಯಾವುದು? ಕೇವಲ ಕೇಳುವುದೇ, ಹತ್ತಿರದಿಂದ ನೋಡಿ ಕೈಯಿಂದ ಮಾಡುವುದೇ, ಅಥವಾ ತಮ್ಮತಮ್ಮಲ್ಲಿ ಮಾತಾಡಿ ಒಂದು ತೀರ್ಮಾನಕ್ಕೆ ಬರುವುದೇ? ಕೆಲಸ ಬದಲಾದಂತೆ ಕೂರುವ ಕ್ರಮವೂ ಬದಲಾಗಬೇಕು.

ಭಾಷಣದ ಸಭೆ

ನೂರಿನ್ನೂರು ಜನ ಸೇರುವ ಉದ್ಘಾಟನೆ, ಬೆಳೆ ವಿಮೆ ಅಥವಾ ಬೆಂಬಲ ಬೆಲೆಯ ಮಾಹಿತಿ ಸಭೆ ಮುಂತಾದವುಗಳಿಗೆ ಸಾಲುಗಳೇ ಸರಿ. ಆದರೆ ಸಾಲು ಉದ್ದಕ್ಕೆ ಬೆಳೆಯಬಾರದು, ಅಗಲಕ್ಕೆ ಬೆಳೆಯಬೇಕು. ಒಂದು ಕುರ್ಚಿಗೆ 2 ಅಡಿ ಅಗಲ, ಸಾಲಿನಿಂದ ಸಾಲಿಗೆ 3 ಅಡಿ ಎಂದು ಲೆಕ್ಕ ಹಿಡಿಯಬಹುದು. 200 ಜನರನ್ನು ಸಾಲಿಗೆ ಹತ್ತರಂತೆ ಕೂರಿಸಿದರೆ 20 ಸಾಲಾಗಿ, ಕೊನೆಯವನು ಮೊದಲ ಸಾಲಿನಿಂದ ಸುಮಾರು 60 ಅಡಿ ದೂರ ಹೋಗುತ್ತಾನೆ. ನಡುವೆ 4 ಅಡಿ ಹಾದಿ ಬಿಟ್ಟು ಆ ಕಡೆ ಹತ್ತು, ಈ ಕಡೆ ಹತ್ತು ಕುರ್ಚಿ ಹಾಕಿದರೆ ಅಗಲ 44 ಅಡಿ, ಆಳ ಕೇವಲ 30 ಅಡಿ. ಹೀಗಾಗಿ 60 ಅಡಿ ಉದ್ದ, 30 ಅಡಿ ಅಗಲದ ಶಾಮಿಯಾನದಲ್ಲಿ ವೇದಿಕೆಯನ್ನು ಕಿರಿದಾದ ತುದಿಗೆ ಕಟ್ಟುವ ಬದಲು ಉದ್ದ ಬದಿಯ ನಡುವೆ ಕಟ್ಟಬೇಕು. ಅದಕ್ಕೆ ಒಂದು ರೂಪಾಯಿಯೂ ಹೆಚ್ಚು ಖರ್ಚಿಲ್ಲ. ವೇದಿಕೆ ಬಟ್ಟೆಯ ಕೆಳಗಿನ ಜಾಗವನ್ನು ತಿನ್ನದಂತೆ ಅದನ್ನು ಶಾಮಿಯಾನದ ಅಂಚಿಗೆ ಸ್ವಲ್ಪ ಹೊರಗೆ ಕಟ್ಟಿ, ಮೇಲೆ ಬೇರೆ ಬಟ್ಟೆ ಎಳೆಯುವುದು ಲೇಸು.

ನಡುವಿನ ಹಾದಿ ಅಲಂಕಾರಕ್ಕಲ್ಲ. ಪ್ರಶ್ನೆ ಕೇಳುವವನ ಬಳಿಗೆ ಮೈಕು ಒಯ್ಯಲು, ಕಾಯಿ, ಬೇರು, ಕೀಡೆಗಳ ಮಾದರಿಯನ್ನು ತಟ್ಟೆಯಲ್ಲಿಟ್ಟು ಹಿಂದಿನ ಸಾಲಿನವರೆಗೂ ತೋರಿಸಲು ಅದು ಬೇಕೇ ಬೇಕು.

ಸೋಫಾಗಳ ವಿಷಯದಲ್ಲಿ ಸ್ವಲ್ಪ ಧೈರ್ಯ ಬೇಕಾಗುತ್ತದೆ. ಗಣ್ಯರಿಗೆ ಗೌರವ ಸಲ್ಲಬೇಕಾದ್ದು ಸರಿಯೆ. ಆದರೆ ಸನ್ಮಾನ ಮುಗಿದ ಅರ್ಧ ಗಂಟೆಗೆ ಅವರು ಮುಂದಿನ ಕಾರ್ಯಕ್ರಮಕ್ಕೆ ಹೊರಟುಬಿಟ್ಟರೆ, ಸಭೆಯ ಅತ್ಯುತ್ತಮ ಜಾಗ ಕೊನೆಯವರೆಗೂ ಖಾಲಿ ಉಳಿಯುತ್ತದೆ. ಸೋಫಾಗಳನ್ನು ಒಂದು ಮಗ್ಗುಲಿಗೆ, ವೇದಿಕೆಯ ಎಡ ಅಥವಾ ಬಲಕ್ಕೆ ಓರೆಯಾಗಿ ಇಟ್ಟರೆ ಗೌರವವೂ ಉಳಿಯುತ್ತದೆ, ನಡುವಿನ ಜಾಗವೂ ರೈತರಿಗೆ ಸಿಗುತ್ತದೆ.

ನೋಡಿ ಕಲಿಯುವ ಸಭೆ

ಹತ್ತಿಯ ಗುಲಾಬಿ ಕಾಯಿಕೊರಕವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಬಲಿತ ಕೀಡೆ ಹೆಚ್ಚೆಂದರೆ ಒಂದು ಸೆಂಟಿಮೀಟರಿಗಿಂತ ತುಸು ಉದ್ದ. ಮರಿ ಕೀಡೆ ಬಿಳಿ ನೂಲಿನ ತುಣುಕಿನಂತಿರುತ್ತದೆ, ಗುಲಾಬಿ ಬಣ್ಣ ಬರುವುದು ಆಮೇಲೆ. ಮೇಲ್ನೋಟಕ್ಕೆ ಚೆನ್ನಾಗಿರುವ ಕಾಯಿಯನ್ನು ಸೀಳಿದರೆ ಮಾತ್ರ ಅದು ಕಾಣುವುದು. ಎಸಳುಗಳು ಬಿಚ್ಚದೆ ಒಂದಕ್ಕೊಂದು ಅಂಟಿ ಗುಲಾಬಿ ಮೊಗ್ಗಿನಂತೆ ಮುದುಡಿದ ಹೂವು ಇದರ ಮೊದಲ ಗುರುತು. ಇದನ್ನು ವೇದಿಕೆಯ ಮೇಲೆ ಎತ್ತಿ ಹಿಡಿದು ತೋರಿಸಿದರೆ ಮೂರನೆಯ ಸಾಲಿನವನಿಗೆ ಕೈ ಕಾಣುತ್ತದೆಯೇ ಹೊರತು ಕೀಡೆಯಲ್ಲ. ಮೋಹಕ ಬಲೆಯಲ್ಲಿ ಸತತ ಮೂರು ರಾತ್ರಿ, ರಾತ್ರಿಗೆ 8 ಪತಂಗ ಬಿದ್ದರೆ, ಅಥವಾ ನೂರು ಹೂವು-ಕಾಯಿಗಳಲ್ಲಿ ಹತ್ತರಲ್ಲಿ ಕೀಡೆ ಕಂಡರೆ ಔಷಧ ಸಿಂಪರಣೆಗೆ ತೊಡಗಬೇಕೆಂದು ಶಿಫಾರಸಿದೆ. ಎಣಿಸಿ ನೋಡಲು ಕಲಿಯದವನಿಗೆ ಈ ಅಂಕಿಯಿಂದ ಪ್ರಯೋಜನವಿಲ್ಲ. ಅವನು ಪಕ್ಕದ ಹೊಲದವನು ಹೊಡೆದದ್ದನ್ನು ಕಂಡು ತಾನೂ ಹೊಡೆಯುತ್ತಾನೆ, ಸಾಲ ಬೆಳೆಯುತ್ತದೆ.

ಆದ್ದರಿಂದ ಇಂಥ ಪ್ರಾತ್ಯಕ್ಷಿಕೆಗೆ ಕುರ್ಚಿಯೇ ಬೇಡ. ಹೊಲದ ಬದುವಿನ ಬಳಿ ಹತ್ತು ಹನ್ನೆರಡು ಜನರ ಗುಂಪು, ಗುಂಪಿನ ನಡುವೆ ಒಂದು ತಾಡಪತ್ರಿ, ಅದರ ಮೇಲೆ ಕಿತ್ತು ತಂದ ಕಾಯಿಗಳು. ಪ್ರತಿಯೊಬ್ಬರೂ ಎರಡು ಕಾಯಿ ತಾವೇ ಸೀಳಿ ನೋಡಬೇಕು. ಅರವತ್ತು ಜನ ಬಂದಿದ್ದರೆ ಒಂದೇ ಕಡೆ ಮುತ್ತಿಕೊಳ್ಳಲು ಬಿಡದೆ ಐದು ತಾಣ ಮಾಡಬೇಕು. ಒಂದರಲ್ಲಿ ಕಾಯಿ ಸೀಳುವುದು, ಒಂದರಲ್ಲಿ ಮುದುಡಿದ ಹೂವು ಗುರುತಿಸುವುದು, ಒಂದರಲ್ಲಿ ಮೋಹಕ ಬಲೆ ಕಟ್ಟುವುದು, ಹೀಗೆ. ಗುಂಪುಗಳು ತಾಣದಿಂದ ತಾಣಕ್ಕೆ ಸರಿಯುತ್ತವೆ. ಪ್ರತಿ ತಾಣಕ್ಕೊಬ್ಬ ತಿಳಿವಳಿಕಸ್ಥ ಬೇಕೆಂಬುದೇ ಇದರ ತೊಡಕು. ಇಲಾಖೆಯ ಸಿಬ್ಬಂದಿ ಸಾಲದಿದ್ದರೆ ಭೀಮರಾಯನಗುಡಿಯ ಕೃಷಿ ಮಹಾವಿದ್ಯಾಲಯದ ವಿದ್ಯಾರ್ಥಿಗಳ ಮತ್ತು ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದ ನೆರವು ಕೇಳಬಹುದು. ಮೊದಲೇ ತರಬೇತಿ ಪಡೆದ ಊರಿನ ರೈತ ಅಥವಾ ರೈತ ಮಹಿಳೆಯೇ ನಿಂತು ಹೇಳಿಕೊಟ್ಟರೆ ಇನ್ನೂ ಉತ್ತಮ.

ಬೀಜೋಪಚಾರದಂತಹ ಕುಳಿತು ನೋಡುವ ಕೆಲಸಕ್ಕೆ ಅರ್ಧ ವೃತ್ತ ಹೊಂದುತ್ತದೆ. ತೊಗರಿಯ ನೆಟೆ ರೋಗ ತಡೆಯಲು ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಹಚ್ಚುವುದನ್ನು ತೋರಿಸುವಾಗ, ಬೀಜಕ್ಕೆ ಎಷ್ಟು ನೀರು ಚಿಮುಕಿಸಿದರೆ ಪುಡಿ ಅಂಟುತ್ತದೆ, ಎಷ್ಟಾದರೆ ಬೀಜ ತೊಯ್ದು ಕೆಡುತ್ತದೆ ಎಂಬುದು ಕಣ್ಣಿಗೆ ಕಂಡರೇ ತಿಳಿಯುವಂಥದು. ಅರ್ಧ ವೃತ್ತ ಹಾಕುವುದು ಸುಲಭ. ಪ್ರಾತ್ಯಕ್ಷಿಕೆ ಮಾಡುವ ಜಾಗದಲ್ಲಿ ಒಂದು ಗೂಟ ನೆಟ್ಟು, 8 ಅಡಿ, 11 ಅಡಿ, 14 ಅಡಿ ಹಗ್ಗ ಹಿಡಿದು ಸುಣ್ಣದ ಪುಡಿಯಿಂದ ಮೂರು ಕಮಾನು ಎಳೆಯಬೇಕು. ಕುರ್ಚಿಯಾದರೆ ಮೊದಲ ಕಮಾನಿನಲ್ಲಿ 12, ಎರಡನೆಯದರಲ್ಲಿ 17, ಮೂರನೆಯದರಲ್ಲಿ 21, ಒಟ್ಟು 50 ಜನ ಕುಳಿತುಕೊಳ್ಳಬಹುದು. ಜಮಖಾನೆ ಹಾಸಿ ಚಕ್ಕಳಮಕ್ಕಳ ಹಾಕಿ ಕುಳಿತರೆ ಒಬ್ಬರಿಗೆ ಎರಡೂವರೆ ಅಡಿ ಬೇಕಾಗುವುದರಿಂದ 40 ಜನ. ಎಲ್ಲರ ಹಿಂದೆ ಕುಳಿತವರೂ 14 ಅಡಿಯೊಳಗೇ ಇರುತ್ತಾರೆ, ಮೈಕಿನ ಅಗತ್ಯವೂ ಬೀಳುವುದಿಲ್ಲ. ಐವತ್ತಕ್ಕಿಂತ ಕಡಿಮೆ ಜನರಿರುವಲ್ಲಿ ಮೈಕು ತರಿಸದಿರುವುದೇ ಮೇಲು. ಮೈಕು ಯಾರ ಕೈಯಲ್ಲಿದೆಯೋ ಸಭೆ ಅವನದಾಗಿಬಿಡುತ್ತದೆ.

ಮಾತಾಡಿ ತೀರ್ಮಾನಿಸುವ ಸಭೆ

ಇಲ್ಲಿ ಪೂರ್ಣ ವೃತ್ತ ಬೇಕು. 1989ರಲ್ಲಿ ಇಂಡೋನೇಷ್ಯಾದಲ್ಲಿ ಭತ್ತದ ಕಂದು ಜಿಗಿಹುಳುವಿನ ಕಾಟಕ್ಕೆ ಪರಿಹಾರವಾಗಿ ರೈತರ ಕ್ಷೇತ್ರ ಪಾಠಶಾಲೆಗಳು ಆರಂಭವಾದಾಗ ಒಂದು ಶಾಲೆಗೆ ಸುಮಾರು 25 ರೈತರೆಂದು ಗೊತ್ತುಪಡಿಸಲಾಯಿತು. ಅವರು ಐದೈದು ಜನರ ಗುಂಪಾಗಿ ಗದ್ದೆಗಿಳಿದು ಹುಳು ಎಣಿಸಿ, ನೆಲದ ಮೇಲೆ ದೊಡ್ಡ ಹಾಳೆ ಹರಡಿ ಚಿತ್ರ ಬರೆದು, ಆಮೇಲೆ ಒಟ್ಟಾಗಿ ಚರ್ಚಿಸುತ್ತಿದ್ದರು. ಆ ಸಂಖ್ಯೆಯಲ್ಲಿ ಅರ್ಥವಿದೆ. 25 ಜನ ನೆಲದ ಮೇಲೆ ದುಂಡಾಗಿ ಕುಳಿತರೆ ವೃತ್ತದ ಅಡ್ಡಗಲ ಸುಮಾರು 20 ಅಡಿ. ಎದುರಿಗಿರುವವರ ಮುಖ ಕಾಣುತ್ತದೆ, ಸಾಮಾನ್ಯ ದನಿಯ ಮಾತು ಕೇಳುತ್ತದೆ. 40 ಜನರಾದರೆ ಅಡ್ಡಗಲ 32 ಅಡಿಗೆ ಏರಿ, ಮೆಲುದನಿಯವರು ಬಾಯಿ ಮುಚ್ಚಿಕೊಳ್ಳುತ್ತಾರೆ. ಆಗ ಎರಡು ವೃತ್ತ ಮಾಡುವುದೇ ಲೇಸು.

ಈ ಭಾಗದಲ್ಲಿ ಕೂರುವ ಕ್ರಮದ ಮೇಲೆ ಬೆಳೆಯೇ ನಿಂತಿರುವ ಸಭೆಯೆಂದರೆ ಕಾಲುವೆ ನೀರಿನ ಸಭೆ. ನಾರಾಯಣಪುರದ ಬಸವಸಾಗರ ಜಲಾಶಯದ ಎಡದಂಡೆ ಕಾಲುವೆ, ಅದರ ಹುಣಸಗಿ, ಶಹಾಪುರ, ಮುಡಬೂಳ ಮುಂತಾದ ಶಾಖಾ ಕಾಲುವೆಗಳ ಕೆಳಗೆ ತಲೆಭಾಗದ ರೈತನಿಗೂ ಕೊನೆಭಾಗದ ರೈತನಿಗೂ ಇರುವ ಅಂತರ ಎಲ್ಲರಿಗೂ ತಿಳಿದದ್ದೇ. ಯೋಜನೆ ರೂಪುಗೊಂಡದ್ದು ಕಡಿಮೆ ನೀರು ಬೇಡುವ ಬೆಳೆಗಳಿಗಾಗಿ. ತಲೆಭಾಗದಲ್ಲಿ ಭತ್ತ ಹಬ್ಬಿದಂತೆಲ್ಲ ಕೊನೆಭಾಗದ ಮೆಣಸಿನಕಾಯಿ, ಶೇಂಗಾ ಹೊಲಗಳಿಗೆ ನೀರು ತಲುಪುವುದು ಕಷ್ಟವಾಯಿತು. ಇಷ್ಟು ದಿನ ಚಾಲು, ಇಷ್ಟು ದಿನ ಬಂದ್ ಎಂದು ನೀರಾವರಿ ಸಲಹಾ ಸಮಿತಿ ಮೇಲಿನಿಂದ ಗೊತ್ತುಮಾಡಿದರೂ, ಒಂದೊಂದು ತೂಬಿನ ಕೆಳಗೆ ಯಾರು ಮೊದಲು, ಯಾರು ಆಮೇಲೆ ಎಂಬುದನ್ನು ರೈತರೇ, ನೀರು ಬಳಕೆದಾರರ ಸಹಕಾರ ಸಂಘದಲ್ಲಿ ಕುಳಿತು ಇತ್ಯರ್ಥ ಮಾಡಿಕೊಳ್ಳಬೇಕು.

ಇಂಥ ಸಭೆಯನ್ನು ಸಾಲಿನಲ್ಲಿ ಕೂರಿಸಿದರೆ ಕಾಲುವೆಯಲ್ಲಿ ಆದದ್ದೇ ಸಭೆಯಲ್ಲಿಯೂ ಆಗುತ್ತದೆ. ಸಭೆ ಸೇರುವ ಊರು ಸಾಮಾನ್ಯವಾಗಿ ರಸ್ತೆ ಬದಿಯ ದೊಡ್ಡ ಊರು. ಹತ್ತಿರದವರು ಮೊದಲು ಬಂದು ಮುಂದೆ ಕುಳಿತು ಮೊದಲು ಮಾತಾಡುತ್ತಾರೆ. ಕಾಲುವೆಯ ಕೊನೆಯವರು ಸಭೆಯಲ್ಲಿಯೂ ಕೊನೆಯಲ್ಲಿಯೇ ಕುಳಿತು, ಸಿಟ್ಟು ತಡೆಯಲಾರದಾದಾಗ ಎದ್ದು ನಿಂತು ಕೂಗುತ್ತಾರೆ. ಕೂಗಿದವನನ್ನು ಗದ್ದಲ ಮಾಡುವವನೆಂದು ಕೂರಿಸಿದರೆ ಅಲ್ಲಿಗೆ ಅವನ ಅಹವಾಲು ಮುಗಿಯಿತು. ಇಂಥ ಕಡೆ ತೂಬಿನ ಕ್ರಮದಲ್ಲಿ ದುಂಡಗೆ ಕೂರಿಸುವುದು ಒಳ್ಳೆಯ ಉಪಾಯ. ಒಂದನೆಯ ತೂಬಿನವರಿಂದ ಆರಂಭಿಸಿ ಕೊನೆಯ ತೂಬಿನವರವರೆಗೆ ವೃತ್ತ ಸುತ್ತಿ ಬಂದರೆ ಕೊನೆಯವರು ಮೊದಲನೆಯವರ ಮಗ್ಗುಲಿಗೇ ಬಂದು ಕೂರುತ್ತಾರೆ. ವೃತ್ತದ ಗುಣವೇ ಅದು. ಹೆಚ್ಚು ಜನರಿದ್ದರೆ ತೂಬಿಗೆ ಇಬ್ಬರಂತೆ ಒಳವೃತ್ತದಲ್ಲಿ ಕುಳಿತು ಮಾತಾಡಲಿ, ಉಳಿದವರು ತಮ್ಮವರ ಬೆನ್ನ ಹಿಂದೆ ಕುಳಿತು ಬೇಕಾದಾಗ ಕಿವಿಯಲ್ಲಿ ಹೇಳಲಿ.

ವೃತ್ತದ ನಡುವೆ ನೆಲದ ಮೇಲೆ ಕಾಲುವೆಯ ನಕಾಶೆಯನ್ನು ಸುಣ್ಣ, ಇದ್ದಿಲು, ಕಲ್ಲುಗಳಿಂದ ಬರೆದರೆ ಮಾತು ಜಗಳಕ್ಕೆ ತಿರುಗುವುದು ಕಡಿಮೆಯಾಗುತ್ತದೆ. ಎಲ್ಲರ ಕಣ್ಣೂ ಒಬ್ಬರ ಮುಖದ ಮೇಲಿರದೆ ನೆಲದ ಮೇಲಿರುತ್ತದೆ. ಹಳ್ಳಿಗರೇ ನೆಲದ ಮೇಲೆ ನಕಾಶೆ ಬರೆಯುವ ಈ ವಿಧಾನವನ್ನು 1990ರ ಸುಮಾರಿಗೆ ಮೈರಾಡ ಸಂಸ್ಥೆಯವರು ಕಲಬುರಗಿ ಭಾಗದ ಜಲಾನಯನ ಕೆಲಸದಲ್ಲಿ ಬಳಸಿದ್ದರು. ಗೋಡೆಯ ಮೇಲಿನ ನಕಾಶೆಗೆ ಒಬ್ಬನೇ ಕೋಲು ಹಿಡಿಯುತ್ತಾನೆ. ನೆಲದ ಮೇಲಿನದನ್ನು ಓದುಬರಹ ಬಾರದವನೂ ಬಗ್ಗಿ ತಿದ್ದಬಲ್ಲ.

ಕೂರುವ ಜಾಗಕ್ಕೆ ಇಷ್ಟೊಂದು ಮಹತ್ವವೇ ಎಂದು ನಗುವವರಿಗೆ ಒಂದು ಮಾತು. 1968ರಲ್ಲಿ ವಿಯೆಟ್ನಾಂ ಯುದ್ಧ ನಿಲ್ಲಿಸುವ ಮಾತುಕತೆಗೆ ಪ್ಯಾರಿಸಿನಲ್ಲಿ ಸೇರಿದವರು ಮೇಜಿನ ಆಕಾರದ ಬಗ್ಗೆಯೇ ವಾರಗಟ್ಟಲೆ ವಾದಿಸಿ, 1969ರ ಜನವರಿಯಲ್ಲಿ ದುಂಡು ಮೇಜಿಗೆ ಒಪ್ಪಿದರು. ಯಾರ ಎದುರು ಯಾರು ಸಮನಾಗಿ ಕೂರಬೇಕೆಂಬುದೇ ಅಲ್ಲಿಯ ತಕರಾರಾಗಿತ್ತು.

ಚರ್ಚೆಯ ಸಭೆಯಲ್ಲಿ ಅಧಿಕಾರಿಗಳೂ ಜಮಖಾನೆಯ ಮೇಲೆಯೇ ಕುಳಿತುಕೊಳ್ಳಬೇಕು. ಅರ್ಧ ಜನ ಕುರ್ಚಿಯ ಮೇಲೆ, ಅರ್ಧ ಜನ ನೆಲದ ಮೇಲೆ ಕುಳಿತರೆ ಅಲ್ಲಿ ಹೊಲದೊಡೆಯರು ಯಾರು, ಕೂಲಿಯವರು ಯಾರು ಎಂಬುದು ಮಾತಿಗೆ ಮೊದಲೇ ಗೊತ್ತಾಗಿಬಿಡುತ್ತದೆ. ಮೊಣಕಾಲು ನೋವಿನವರಿಗೆ, ವಯಸ್ಸಾದವರಿಗೆ, ಬಸುರಿಯರಿಗೆ ಮಾತ್ರ ಹೊರ ಅಂಚಿನಲ್ಲಿ ನಾಲ್ಕಾರು ಕುರ್ಚಿ ಇಟ್ಟಿರಬೇಕು.

ಹೆಣ್ಣುಮಕ್ಕಳ ಜಾಗ, ಎಲ್ಲರೂ ಬರಬಲ್ಲ ಜಾಗ

ಹತ್ತಿ ಬಿಡಿಸುವವರು, ಮೆಣಸಿನಕಾಯಿ ಹರಿಯುವವರು, ಕಳೆ ಕೀಳುವವರು, ಬೀಜ ಹಸನು ಮಾಡಿ ಇಡುವವರು ಹೆಚ್ಚಾಗಿ ಹೆಣ್ಣುಮಕ್ಕಳು. ತೊಗರಿ 45-50 ದಿನದ ಬೆಳೆಯಾದಾಗ ಕುಡಿ ಚಿವುಟಿದರೆ ಕವಲು ಹೆಚ್ಚುತ್ತವೆಂದು ಹೇಳುವ ಸಭೆಯಲ್ಲಿ, ಆ ಕೆಲಸ ಮಾಡುವ ಕೈಗಳು ಹಿಂದೆ ಕುಳಿತಿದ್ದರೆ ಯಾರಿಗೆ ಹೇಳಿದಂತಾಯಿತು? ಸಭೆ ತುಂಬಿದ ಮೇಲೆ ಮೈಕಿನಲ್ಲಿ “ಯಕ್ಕಾ, ಮುಂದ ಬಂದು ಕೂಡ್ರಿ” ಎಂದು ಎಷ್ಟು ಕರೆದರೂ ಯಾರೂ ಏಳುವುದಿಲ್ಲ. ಮಾವ, ಭಾವಂದಿರ ಎದುರು ಹಾದು ಮುಂದೆ ಹೋಗಿ ಅವರಿಗೆ ಬೆನ್ನು ತೋರಿಸಿ ಕೂರುವುದು ಅವರಿಗೆ ಸಂಕೋಚ. ಆದ್ದರಿಂದ ವೃತ್ತ ಅಥವಾ ಅರ್ಧ ವೃತ್ತದಲ್ಲಿ ಒಂದು ಪೂರ್ತಿ ಮಗ್ಗುಲನ್ನು, ಮುಂದಿನ ಸಾಲಿನಿಂದ ಹಿಂದಿನ ಸಾಲಿನವರೆಗೆ, ಮೊದಲೇ ಅವರಿಗೆ ಬಿಡಬೇಕು. ಆ ಮಗ್ಗುಲಿಗೆ ಬೇರೆ ಕಡೆಯಿಂದ ಬರುವ ಹಾದಿಯೂ ಇರಬೇಕು. ಎಳೆಗೂಸು ಎತ್ತಿಕೊಂಡು ಬಂದವರು ಬೇಕಾದಾಗ ಎದ್ದು ಹೋಗಲು ಅನುಕೂಲವಾಗುತ್ತದೆ.

ಸಭೆಯ ಸ್ಥಳವೂ ಆಸನ ವ್ಯವಸ್ಥೆಯ ಭಾಗವೇ. ಗುಡಿಯ ಕಟ್ಟೆ ತಂಪಾಗಿ, ಅಚ್ಚುಕಟ್ಟಾಗಿ ಇರುತ್ತದೆ ನಿಜ. ಆದರೆ ಆ ಕಟ್ಟೆ ಹತ್ತಿ ಕೂರಲು ಹಿಂಜರಿಯುವ, ದೂರ ನಿಂತೇ ಕೇಳಿ ಹೋಗುವ ಜನ ಊರಿನಲ್ಲಿದ್ದಾರೆಯೇ ಎಂಬುದನ್ನು ವಿಸ್ತರಣಾ ಕಾರ್ಯಕರ್ತ ತಿಳಿದಿರಬೇಕು. ದೊಡ್ಡವರ ಮನೆಯ ಪಡಸಾಲೆಗೂ ಇದೇ ಮಾತು. ಶಾಲೆಯ ಅಂಗಳ, ಪಂಚಾಯಿತಿಯ ಆವರಣ, ಇಲ್ಲವೇ ಹೊಲವೇ ಆದರೆ ಪರಿಶಿಷ್ಟ ಜಾತಿಯ ರೈತರೂ, ಕೂಲಿಕಾರರೂ ಯಾರ ಅಪ್ಪಣೆಗೂ ಕಾಯದೆ ಬಂದು ಕೂರುತ್ತಾರೆ.

ಬಿಸಿಲು, ಗಾಳಿ, ನೆಲ

ಬಿಸಿಲಿಗೆ ಮುಖ ಮಾಡಿ ಕುಳಿತವನು ಹಣೆಗೆ ಕೈ ಹಚ್ಚಿ ಹದಿನೈದು ನಿಮಿಷ ನೋಡಿಯಾನು, ಆಮೇಲೆ ತಲೆ ತಗ್ಗಿಸುತ್ತಾನೆ. ಕೇಳುವವರ ಬೆನ್ನಿಗೆ ಬಿಸಿಲು, ಎದುರಿನಿಂದ ಗಾಳಿ ಇರಬೇಕೆಂಬುದು ಸರಳ ನಿಯಮ. ಬೆನ್ನ ಹಿಂದಿನ ಬೆಳಕು ತೋರಿಸುವ ವಸ್ತುವಿನ ಮೇಲೆ ಬೀಳುತ್ತದೆ, ಎದುರಿನ ಗಾಳಿ ಹೇಳುವವರ ದನಿಯನ್ನು ಹೊತ್ತು ತರುತ್ತದೆ. ಅದೃಷ್ಟವಶಾತ್ ಈ ಭಾಗದಲ್ಲಿ ಎರಡೂ ಒಟ್ಟಿಗೆ ಸಿಗುತ್ತವೆ. ಮುಂಗಾರಿನಲ್ಲಿ ಗಾಳಿ ಪಡುವಣದಿಂದ ಬೀಸುವುದರಿಂದ ಬೆಳಗಿನ ಸಭೆಯಲ್ಲಿ ರೈತರನ್ನು ಪಶ್ಚಿಮಕ್ಕೆ ಮುಖ ಮಾಡಿ ಕೂರಿಸಬೇಕು, ಆಗ ಬಿಸಿಲು ಬೆನ್ನಿಗಾಗುತ್ತದೆ. ನವೆಂಬರ್-ಡಿಸೆಂಬರ್ ತಿಂಗಳ ಕ್ಷೇತ್ರೋತ್ಸವಗಳಲ್ಲಿ ಸೂರ್ಯ ದಿನವಿಡೀ ದಕ್ಷಿಣಕ್ಕೆ ವಾಲಿರುತ್ತಾನೆ, ಗಾಳಿ ಈಶಾನ್ಯದ ಕಡೆಯದು. ಆಗ ಉತ್ತರಕ್ಕೆ ಮುಖ ಮಾಡಿಸಿದರೆ ಬೆಳಗ್ಗೆಗೂ ಮಧ್ಯಾಹ್ನಕ್ಕೂ ಅದೇ ವ್ಯವಸ್ಥೆ ನಡೆಯುತ್ತದೆ. ಹೇಳುವವರ ಮುಖಕ್ಕೆ ಬಿಸಿಲು ಬೀಳುವುದನ್ನು ತಪ್ಪಿಸಲು ಅವರ ತಲೆಯ ಮೇಲೆ ಒಂದು ತುಂಡು ನೆರಳು ಮಾಡಿದರೆ ಸಾಕು.

ಬಿತ್ತನೆಗೆ ಮುಂಚಿನ ಮೇ ತಿಂಗಳ ಸಭೆಗಳ ಮಾತೇ ಬೇರೆ. ಮೇ ಮೊದಲ ವಾರದಲ್ಲಿ ಮಧ್ಯಾಹ್ನದ ಸೂರ್ಯ ಈ ಸೀಮೆಯ ನೆತ್ತಿಯ ಮೇಲೆಯೇ ನಿಲ್ಲುತ್ತಾನೆ. ಆಗ ಯಾವ ದಿಕ್ಕೂ ಕಾಯುವುದಿಲ್ಲ. ಬೆಳಗ್ಗೆ ಏಳೂವರೆಗೆ ಬೇವಿನ ಮರದ ಕೆಳಗೆ ಆರಂಭಿಸಿ ಹತ್ತಕ್ಕೆ ಮುಗಿಸುವುದು ಉಚಿತ. ಮರದ ನೆರಳು ಬೆಳಗ್ಗೆ ಪಶ್ಚಿಮಕ್ಕೆ ಚಾಚಿದ್ದು ಹೊತ್ತೇರಿದಂತೆ ಬುಡಕ್ಕೆ ಸರಿಯುತ್ತದೆ. ಆದ್ದರಿಂದ ಜಮಖಾನೆಯನ್ನು ಆರಂಭದ ನೆರಳಿಗಲ್ಲ, ಮುಗಿಯುವ ಹೊತ್ತಿನ ನೆರಳಿಗೆ ಹಾಸಬೇಕು.

ಇನ್ನು ನೆಲ. ಕಪ್ಪು ಎರೆಭೂಮಿಯ ಮೇಲೆ ಒಂದು ಹದ ಮಳೆಯಾಗಿದ್ದರೆ ಪ್ಲಾಸ್ಟಿಕ್ ಕುರ್ಚಿಯ ಕಾಲು ಗೇಣುದ್ದ ಇಳಿದು ಒಂದು ಕಡೆ ವಾಲುತ್ತದೆ, ಮುರಿಯುವುದೂ ಉಂಟು. ಮಳೆಗಾಲದ ಕ್ಷೇತ್ರೋತ್ಸವಕ್ಕೆ ಹೊಲದ ಹತ್ತಿರದ ಗರಸು ನೆಲವನ್ನೋ ಕಣವನ್ನೋ ಆರಿಸಿಕೊಂಡು, ಕೂತು ಮಾತಾಡುವುದನ್ನು ಅಲ್ಲಿ, ನಿಂತು ನೋಡುವುದನ್ನು ಹೊಲದಲ್ಲಿ ಇಟ್ಟುಕೊಳ್ಳಬೇಕು. ತಾಡಪತ್ರಿಯ ಮೇಲೆ ಜಮಖಾನೆ ಹಾಸಿದರೆ ತೇವ ಏರುವುದಿಲ್ಲ. ಕುಡಿಯುವ ನೀರಿನ ಕೊಡ ಮತ್ತು ಚಹಾ ಹಂಚುವ ಮೇಜನ್ನು ಹೇಳುವವರ ಎದುರು ಬದಿಯಲ್ಲಿ, ರೈತರ ಬೆನ್ನ ಹಿಂದೆ ಇಡಬೇಕು. ವೇದಿಕೆಯ ಪಕ್ಕದಲ್ಲಿಟ್ಟರೆ ಚಹಾದ ಕೆಟಲು ಬಂದ ಕ್ಷಣದಿಂದ ಸಭೆಯ ಕಣ್ಣೆಲ್ಲ ಅದರ ಮೇಲೆಯೇ ಇರುತ್ತದೆ.

ಇದೆಲ್ಲಕ್ಕೆ ಬೇಕಾಗುವುದು ಒಂದು ಗೂಟ, ಹದಿನೈದು ಅಡಿ ಹಗ್ಗ, ಎರಡು ಸೇರು ಸುಣ್ಣದ ಪುಡಿ ಮತ್ತು ಸಭೆಗೆ ಒಂದು ಗಂಟೆ ಮೊದಲು ಬರುವ ಇಬ್ಬರು. ಶಾಮಿಯಾನದವನಿಗೆ ಹಿಂದಿನ ದಿನವೇ ವೇದಿಕೆ ಯಾವ ಬದಿಗೆ, ಮುಖ ಯಾವ ದಿಕ್ಕಿಗೆ, ಕುರ್ಚಿ ಎಷ್ಟು, ಜಮಖಾನೆ ಎಷ್ಟು ಎಂದು ಚೀಟಿ ಬರೆದು ಕೊಟ್ಟಿರಬೇಕು. ಕುರ್ಚಿಗಳನ್ನೆಲ್ಲ ಮೊದಲೇ ಹರಡದೆ, ಮುಂದಿನ ಎರಡು ಸಾಲು ಮಾತ್ರ ಹಾಕಿ ಉಳಿದವನ್ನು ಒಂದರ ಮೇಲೊಂದು ಪೇರಿಸಿಟ್ಟು, ಜನ ಬಂದಂತೆ ಹಾಕುತ್ತ ಹೋದರೆ ಮುಂದೆ ಖಾಲಿ, ಹಿಂದೆ ಭರ್ತಿ ಎಂಬ ಪರಿಸ್ಥಿತಿ ಬರುವುದಿಲ್ಲ.